ಕಳೆದ ಒಲವು, ಗಳಿಸಿದ ಸಿರಿ



ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹಾದಿಯಲ್ಲಿ ಆನಂದಪುರವೆಂಬ ಊರು ಸಿಗುತ್ತದೆ. ಅಲ್ಲಿ ಚಂಪಕ ಸರಸಿ ಎಂಬ ಹಳೆಯ ಕೊಳವೊಂದಿದೆ. ಸುತ್ತಲೂ ಕಲ್ಲಿನ ಸೋಪಾನ, ನಡುವೆ ಪುಟ್ಟದೊಂದು ಗುಡಿ, ಗುಡಿಗೆ ಹೋಗಲು ಕಲ್ಲಿನ ಕಿರುಸೇತುವೆ. ಚಂಪಕಾ ಎಂಬ ಹೆಣ್ಣುಮಗಳು ರಂಗವಲ್ಲಿ ಹಾಕುವುದರಲ್ಲಿ ನಿಪುಣೆಯಾಗಿದ್ದಳಂತೆ. ಕೆಳದಿಯ ಅರಸು ವೆಂಕಟಪ್ಪ ನಾಯಕ ಆ ರಂಗವಲ್ಲಿಯನ್ನು ಕಂಡು ಬೆರಗಾಗಿ, ಬಳಿಕ ಅದನ್ನು ಬಿಡಿಸಿದವಳಿಗೆ ಮನಸೋತನಂತೆ. ಅರಮನೆಯಲ್ಲಿ ರಾಣಿಗೆ ಕೊರಗು, ಊರಿನಲ್ಲಿ ಅಪವಾದ. ಅದನ್ನು ತಾಳಲಾರದೆ ಚಂಪಕಾ ಪ್ರಾಣ ಬಿಟ್ಟಳು, ಅರಸನು ಅವಳ ನೆನಪಿಗೆ ಈ ಕೊಳವನ್ನು ಕಟ್ಟಿಸಿದನು ಎಂದು ಐತಿಹ್ಯ ಹೇಳುತ್ತದೆ. ಐತಿಹ್ಯವನ್ನು ಐತಿಹ್ಯವೆಂದೇ ತಿಳಿಯೋಣ. ಆದರೆ ಅದರಲ್ಲಿ ನಮ್ಮ ಜನ ಕೇಳಿಕೊಂಡು ಬಂದಿರುವ ಒಂದು ಪ್ರಶ್ನೆ ಇದೆ. ರಾಜ್ಯವಿದ್ದವನಿಗೆ, ಬೊಕ್ಕಸವಿದ್ದವನಿಗೆ, ಕಳೆದುಹೋದ ಒಲವನ್ನು ಮರಳಿ ತರಲು ಸಾಧ್ಯವಾಯಿತೆ? ಆಗಲಿಲ್ಲ. ಒಂದು ಕೊಳವನ್ನು ಕಟ್ಟಿಸಲು ಮಾತ್ರ ಸಾಧ್ಯವಾಯಿತು.

ಈ ಹೊತ್ತಿನ ನನ್ನ ಮಾತಿನ ವಿಷಯ ಇದೇ. ಒಲಿದವಳನ್ನು ಬಡತನದಿಂದಲೋ ಅಂತಸ್ತಿನ ಕೊರತೆಯಿಂದಲೋ ಕಳೆದುಕೊಂಡವನು, ಹಣವನ್ನೂ ಸ್ಥಾನವನ್ನೂ ಸಂಪಾದಿಸಿ ಅವಳನ್ನು ಮತ್ತೆ ಗೆಲ್ಲುತ್ತೇನೆಂದು ಹೊರಡುವುದು ಲೋಕದಲ್ಲಿ ಬಹಳ ಹಳೆಯ ಸಂಗತಿ. ಕಾವ್ಯಗಳು ಇದನ್ನು ಹೇಳಿವೆ, ಕಾದಂಬರಿಗಳು ಹೇಳಿವೆ. ಕಾವ್ಯ ಕಾದಂಬರಿಗಳ ಮುಖ ನೋಡದವರೂ ಇದನ್ನು ಬದುಕಿ ತೋರಿಸಿದ್ದಾರೆ. ಅದು ಕೈಗೂಡುವುದು ಯಾವಾಗ, ಕೈಗೂಡದಿರುವುದು ಏಕೆ ಎಂಬುದನ್ನು ನಾಲ್ಕಾರು ನಿದರ್ಶನಗಳ ಮೂಲಕ ವಿಚಾರ ಮಾಡೋಣ.

ವೆಂಕಟಪ್ಪ ನಾಯಕನಿಂದಲೇ ಆರಂಭಿಸುತ್ತೇನೆ. ಏಕೆಂದರೆ ಅವನ ಬಾಳಿನಲ್ಲಿ ಐತಿಹ್ಯಕ್ಕಿಂತ ಗಟ್ಟಿಯಾದ ಒಂದು ಸಾಕ್ಷ್ಯವಿದೆ. 1623ರ ಕೊನೆಯಲ್ಲಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ, ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವೇರಿ ಇಕ್ಕೇರಿಗೆ ಬಂದನು. ಕಂಡದ್ದನ್ನೂ ಕೇಳಿದ್ದನ್ನೂ ಪತ್ರಗಳ ರೂಪದಲ್ಲಿ ಬರೆದಿಟ್ಟನು. ಅವನು ಬಂದಾಗ ಅರಸನಿಗೆ ವಯಸ್ಸಾಗಿತ್ತು. ಪಟ್ಟದ ರಾಣಿ ಭದ್ರಮ್ಮ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದಳು. ಅವರ ಕಥೆಯನ್ನು ಪ್ರವಾಸಿ ಹೀಗೆ ದಾಖಲಿಸುತ್ತಾನೆ. ಅದಕ್ಕೂ ಹನ್ನೆರಡು ಹದಿಮೂರು ವರ್ಷಗಳ ಹಿಂದೆ, ಅರಸನು ಅನ್ಯಮತದ ಹೆಂಗಸೊಬ್ಬಳನ್ನು ಅರಮನೆಯ ಹೊರಗೆ ಒಂದು ಕೋಟೆಯಲ್ಲಿ ಗುಟ್ಟಾಗಿ ಇರಿಸಿಕೊಂಡಿದ್ದಾನೆಂಬುದು ರಾಣಿಯ ಕಿವಿಗೆ ಬಿತ್ತು. ಆಗ ಅವಳಿಗೆ ಸುಮಾರು 35 ವರ್ಷ. ಅವಳು ಆಣೆ ಮಾಡಿದಳು: ಇನ್ನು ಮುಂದೆ ನಾನು ನಿಮಗೆ ಮಗಳ ಸಮಾನ, ನೀವು ನನಗೆ ತಂದೆಯ ಸಮಾನ. ಅವಳು ಕೊಟ್ಟ ಕಾರಣ ಆ ಕಾಲದ ಮಡಿಮೈಲಿಗೆಯ ಭಾವನೆಗೆ ಸೇರಿದ್ದು. ಅದನ್ನು ನಾವು ಇಂದು ಒಪ್ಪಬೇಕಾಗಿಲ್ಲ. ಆದರೆ ಅವಳ ನಡತೆಯನ್ನು ಗಮನಿಸಿ. ತವರಿಗೆ ಹೋಗಲಿಲ್ಲ, ಜಗಳ ತೆಗೆಯಲಿಲ್ಲ. ಅರಮನೆಯಲ್ಲೇ ಇದ್ದು, ಅರಸನು ಕಾಯಿಲೆ ಬಿದ್ದಾಗ ಶುಶ್ರೂಷೆ ಮಾಡುತ್ತ, ರಾಜ್ಯಭಾರದಲ್ಲಿ ಸಲಹೆ ಹೇಳುತ್ತ ಬಾಳಿದಳು. ದಾಂಪತ್ಯವನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಳು.

ಅರಸನಿಗೆ ಆಗ ಅರಿವಾಯಿತು, ತಾನು ಕಳೆದುಕೊಂಡದ್ದು ಏನೆಂದು. ಮೆಣಸಿನ ವ್ಯಾಪಾರದಿಂದ ಸಂಪನ್ನವಾಗಿದ್ದ ರಾಜ್ಯ ಅವನದು; ಕರಾವಳಿಯ ಪೋರ್ಚುಗೀಸರು ಅವನ ಬಾಗಿಲಿಗೆ ರಾಯಭಾರ ಕಳಿಸುತ್ತಿದ್ದರು. ಅವನು ತನ್ನಲ್ಲಿದ್ದುದನ್ನೇ ಮುಂದೆ ಇರಿಸಿದನು. ಆಣೆಯನ್ನು ಬಿಡಿಸಿಕೊಳ್ಳುವುದಕ್ಕಾಗಿ 20,000 ವರಹಗಳಿಗೂ ಮಿಗಿಲಾದ ದಾನವನ್ನು ಮಾಡಿಸುವುದಾಗಿ ಒಂದಲ್ಲ, ಅನೇಕ ಸಲ ಹೇಳಿದನಂತೆ. ರಾಣಿ ಒಪ್ಪಲಿಲ್ಲ, ಸಾಯುವವರೆಗೂ ಒಪ್ಪಲಿಲ್ಲ. ಅವಳು ತೀರಿಕೊಂಡ ಮೇಲೆ ಅರಸನು ಬಹಳವಾಗಿ ಮರುಗಿ, ಮತ್ತೆ ಮದುವೆಯ ಮಾತೇ ಬೇಡವೆಂದುಬಿಟ್ಟನೆಂದು ಪ್ರವಾಸಿ ಬರೆಯುತ್ತಾನೆ.

‘ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆ’ ಎಂಬ ಗಾದೆ ನಮ್ಮಲ್ಲಿದೆ. ಇಕ್ಕೇರಿಯ ಅರಮನೆಯಲ್ಲಿ ಅದು ಸುಳ್ಳಾಯಿತು. ಏಕೆ ಸುಳ್ಳಾಯಿತು? ಭದ್ರಮ್ಮನಿಗೆ ಆದ ನೋವು ಧನದ ಕೊರತೆಯಿಂದ ಆದದ್ದಲ್ಲ. ಎಲ್ಲಿ ಕೊರತೆಯಿತ್ತೋ ಅಲ್ಲಿಗೆ ವರಹಗಳು ತಲುಪುವಂತಿರಲಿಲ್ಲ. ಅರಸನು ಕೊಡಬಲ್ಲದ್ದನ್ನು ಕೊಡಲು ಹೊರಟನು. ಅವಳಿಗೆ ಬೇಕಾದದ್ದು ಬೇರೆಯಾಗಿತ್ತು. ಈ ಒಂದು ಸೂತ್ರವನ್ನು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋಗೋಣ.

ಒಲವೆಂದರೆ ಗಂಡುಹೆಣ್ಣಿನ ಒಲವೇ ಆಗಬೇಕಾಗಿಲ್ಲ. ಭಾರತದ ದ್ರೋಣ, ದ್ರುಪದರ ಪ್ರಸಂಗವನ್ನು ನೆನೆಯಿರಿ. ನಮ್ಮ ಆದಿಕವಿ ಪಂಪನೂ ಅದನ್ನು ವಿಕ್ರಮಾರ್ಜುನ ವಿಜಯದಲ್ಲಿ ತಂದಿದ್ದಾನೆ. ಬಾಲ್ಯದಲ್ಲಿ ಒಟ್ಟಿಗೆ ಓದಿದ ಗೆಳೆಯರು. ಒಬ್ಬ ಅರಸನಾದ, ಇನ್ನೊಬ್ಬ ಬಡತನದಿಂದ ಬೆಂದು ಹಳೆಯ ಸ್ನೇಹವನ್ನು ನಂಬಿ ಅವನ ಬಾಗಿಲಿಗೆ ಹೋದ. ಸಮಾನರಲ್ಲದವರ ನಡುವೆ ಸ್ನೇಹವೆಲ್ಲಿಯದು ಎಂದು ದ್ರುಪದ ಜರೆದ. ದ್ರೋಣನಿಗೆ ಆ ಮಾತು ಹೇಗೆ ನಾಟಿತೆಂದರೆ, ಅವನು ತನ್ನ ವಿದ್ಯೆಯನ್ನೆಲ್ಲ ಆ ಮಾತಿಗೆ ಉತ್ತರ ಕೊಡಲು ಮೀಸಲಾಗಿಟ್ಟನು. ಶಿಷ್ಯರಿಂದ ದ್ರುಪದನನ್ನು ಕಟ್ಟಿ ತರಿಸಿ, ಅರ್ಧ ರಾಜ್ಯವನ್ನು ತಾನಿಟ್ಟುಕೊಂಡು, ಈಗ ನಾವು ಸಮಾನರು, ಇನ್ನು ಗೆಳೆಯರಾಗಿರೋಣ ಎಂದನು. ಲೆಕ್ಕದ ದೃಷ್ಟಿಯಿಂದ ದ್ರೋಣನ ಮಾತು ಸರಿ. ಸಮಾನತೆಯಿಲ್ಲದೆ ಸ್ನೇಹವಿಲ್ಲವೆಂದವನಿಗೆ ಸಮಾನತೆಯನ್ನು ಗಳಿಸಿ ತೋರಿಸಿದ್ದಾನೆ. ಆದರೆ ಸ್ನೇಹ ಬಂತೆ? ದ್ರುಪದ ಮನೆಗೆ ಹೋಗಿ ದ್ರೋಣನನ್ನು ಕೊಲ್ಲುವ ಮಗನಿಗಾಗಿ ಯಜ್ಞ ಮಾಡಿದ. ತಿರಸ್ಕಾರಕ್ಕೆ ಉತ್ತರವಾಗಿ ಗಳಿಸಿದ ಸಂಪತ್ತಿನಲ್ಲಿ ತಿರಸ್ಕಾರದ ವಾಸನೆ ಉಳಿದೇ ಇರುತ್ತದೆ. ಗಳಿಸಿದವನಿಗೆ ಅದು ತಿಳಿಯದೆ ಹೋಗಬಹುದು. ಎದುರಿಗೆ ನಿಂತವರಿಗೆ ತಿಳಿಯುತ್ತದೆ.

ಇನ್ನು ಹೊರಗಿನ ಸಾಹಿತ್ಯದಿಂದ ಎರಡು ಉದಾಹರಣೆಗಳು. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ ಕಾದಂಬರಿ ಬಂದದ್ದು 1847ರಲ್ಲಿ. ಅದರ ಹೀತ್‌ಕ್ಲಿಫ್ ಅನಾಥ. ಮನೆಯ ಯಜಮಾನನ ಮಗಳು ಕ್ಯಾಥರೀನಳೊಡನೆ ಬೆಳೆದವನು. ಅವನನ್ನು ಮದುವೆಯಾದರೆ ತಾನು ಕೀಳಾಗುತ್ತೇನೆಂದು ಅವಳು ಮನೆಯ ಊಳಿಗದವಳೊಡನೆ ಹೇಳುವುದು ಅವನ ಕಿವಿಗೆ ಬೀಳುತ್ತದೆ. ಅಷ್ಟು ಕೇಳಿ ಅವನು ಮನೆ ಬಿಟ್ಟು ಹೋಗುತ್ತಾನೆ. ಆದರೆ ಅವಳ ಮಾತು ಅಲ್ಲಿಗೆ ಮುಗಿದಿರಲಿಲ್ಲ. ಅವನ ಮೇಲೆ ತನಗಿರುವ ಪ್ರೀತಿ ಎಷ್ಟು ಗಾಢವೆಂಬುದನ್ನು ಅವಳು ಹೇಳುವುದು ಆ ಮೇಲೆ. ಅರ್ಧ ಮಾತನ್ನು ಕೇಳಿ ಹೋದವನು ಮೂರು ವರ್ಷಗಳ ನಂತರ ದುಡ್ಡುಗಾರನಾಗಿ ಹಿಂದಿರುಗುತ್ತಾನೆ. ಅಷ್ಟರಲ್ಲಿ ಅವಳು ಬೇರೊಬ್ಬನ ಹೆಂಡತಿ. ಮುಂದೆ ಅವನು ಎರಡು ಮನೆತನಗಳ ಆಸ್ತಿಯನ್ನೂ ತನ್ನ ಕೈವಶ ಮಾಡಿಕೊಳ್ಳುತ್ತಾನೆ. ಕ್ಯಾಥರೀನ್ ಮಾತ್ರ ಸತ್ತುಹೋಗಿರುತ್ತಾಳೆ.

ಇನ್ನೊಂದು, ಅಮೆರಿಕದ ಸ್ಕಾಟ್ ಫಿಟ್ಜ್‌ಜೆರಾಲ್ಡನ ‘ದಿ ಗ್ರೇಟ್ ಗ್ಯಾಟ್ಸ್‌ಬಿ’; ಪ್ರಕಟವಾದದ್ದು 1925ರಲ್ಲಿ. ಬಡ ರೈತನ ಮಗನೊಬ್ಬ ಸೇನೆಯಲ್ಲಿದ್ದಾಗ ಸಿರಿವಂತರ ಮನೆಯ ಡೇಸಿಯನ್ನು ಪ್ರೀತಿಸುತ್ತಾನೆ. ಅವನು ಯುದ್ಧಕ್ಕೆ ಹೋದಾಗ ಅವಳು ಹಣವಂತನನ್ನು ಮದುವೆಯಾಗುತ್ತಾಳೆ. ಐದು ವರ್ಷಗಳಲ್ಲಿ ಈತ ಕಳ್ಳದಾರಿಯಲ್ಲಿ ಅಪಾರ ಹಣ ಮಾಡಿ, ಅವಳ ಮನೆಗೆ ಎದುರಾಗಿ, ಕೊಲ್ಲಿಯ ಆಚೆ ದಡದಲ್ಲಿ ಭವ್ಯ ಬಂಗಲೆಯೊಂದನ್ನು ಕೊಳ್ಳುತ್ತಾನೆ. ಅವಳು ಒಂದು ದಿನ ಬಂದಾಳೆಂದು ಊರಿಗೆಲ್ಲ ಔತಣ ಕೊಡುತ್ತಾನೆ. ಬರುತ್ತಾಳೆ, ಮನೆಯನ್ನು ನೋಡುತ್ತಾಳೆ, ಹಳೆಯ ಒಲವು ಚಿಗುರಿದಂತೆಯೂ ಕಾಣುತ್ತದೆ. ಆದರೆ ಅವನಿಗೆ ಅಷ್ಟು ಸಾಲದು. ಗಂಡನನ್ನು ತಾನು ಎಂದೂ ಪ್ರೀತಿಸಿರಲಿಲ್ಲವೆಂದು ಅವಳ ಬಾಯಿಂದ ಹೇಳಿಸಬೇಕು. ನಡುವಣ ಐದು ವರ್ಷಗಳನ್ನು ಅಳಿಸಿಹಾಕಬೇಕು. ಅದನ್ನು ಅವಳು ಹೇಳಲಾರದೆ ಹೋಗುತ್ತಾಳೆ. ಕೊನೆಗೆ ಅವನ ಶವಸಂಸ್ಕಾರಕ್ಕೆ ಅವಳಿಂದ ಒಂದು ಹೂವೂ ಬರುವುದಿಲ್ಲ. ಈ ಕಾದಂಬರಿಯನ್ನು ಅಮೆರಿಕದ ಧನದಾಹದ ವಿಮರ್ಶೆ ಎಂದು ಓದುವುದು ವಾಡಿಕೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ಮುಖ್ಯವಾಗಿ ಕಾಣುತ್ತದೆ. ಹಣದಿಂದ ಬಂಗಲೆಯನ್ನು ಕೊಳ್ಳಬಹುದು; ಕಳೆದ ಕಾಲವನ್ನು ಕೊಳ್ಳುವ ಅಂಗಡಿ ಇಲ್ಲ. ಗಳಿಸುವವನು ಗಳಿಸುತ್ತಿರುವಷ್ಟು ಕಾಲವೂ ಒಲಿದವಳು ಹಳೆಯ ರೂಪದಲ್ಲೇ ನಿಂತು ಕಾಯುತ್ತಿದ್ದಾಳೆಂದು ಭಾವಿಸುತ್ತಾನೆ. ಅವಳೂ ಬದುಕುತ್ತಿರುತ್ತಾಳೆ ಎಂಬುದು ಅವನ ಲೆಕ್ಕದಲ್ಲಿ ಬರುವುದಿಲ್ಲ.

ಹಾಗಾದರೆ ಕಳೆದ ಒಲವು ಎಂದೂ ಮರಳದೆ? ಮರಳುತ್ತದೆ ಎಂದು ನಮ್ಮ ನಳನ ಕಥೆ ಹೇಳುತ್ತದೆ. ವನಪರ್ವದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ಹೇಳಿದ ಕಥೆ. ಕನ್ನಡದಲ್ಲಿ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಹಾಡಿದ ಕಥೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಮಲಗಿದ್ದ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋದನು. ಕಾರ್ಕೋಟಕನ ಕಡಿತದಿಂದ ರೂಪವೂ ಹೋಯಿತು. ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಆಸ್ಥಾನದಲ್ಲಿ ಕುದುರೆ ನೋಡಿಕೊಂಡು, ಅಡುಗೆ ಮಾಡಿಕೊಂಡು ಇದ್ದನು. ಅವನು ತಾನಾಗಿ ಹೋಗಿ, ಇಗೋ ನಾನು ಎನ್ನಲಿಲ್ಲ. ರಾಜ್ಯವಿಲ್ಲದ ಮುಖವನ್ನು ಹೇಗೆ ತೋರಿಸಲಿ ಎಂಬ ನಾಚಿಕೆ ಅವನಿಗೂ ಇದ್ದಿರಬೇಕು. ಹುಡುಕಿದವಳು ದಮಯಂತಿ. ಊರೂರಿಗೆ ಬ್ರಾಹ್ಮಣರನ್ನು ಕಳಿಸಿ, ಎರಡನೆಯ ಸ್ವಯಂವರದ ನೆವ ಹೂಡಿ ಅವನನ್ನು ಕುಂಡಿನಪುರಕ್ಕೆ ಬರಮಾಡಿಕೊಂಡಳು. ಅವಳು ಅವನನ್ನು ಗುರುತಿಸಿದ್ದು ಹೇಗೆ? ಅವನು ಮಾಡಿದ ಅಡುಗೆಯನ್ನು ತರಿಸಿ ರುಚಿ ನೋಡಿದಳು. ಮಕ್ಕಳನ್ನು ಕಳಿಸಿದಳು, ಅವರನ್ನು ಅಪ್ಪಿಕೊಂಡು ಬಾಹುಕ ಅತ್ತನು.

ಈ ಕಥೆಯಲ್ಲಿ ಘಟನೆಗಳ ಕ್ರಮವನ್ನು ನೀವು ಗಮನಿಸಬೇಕು. ನಳ, ದಮಯಂತಿಯರು ಕೂಡಿದ ಒಂದು ತಿಂಗಳ ಮೇಲೆ ನಳ ಸ್ವಲ್ಪವೇ ಪರಿವಾರದೊಡನೆ ನಿಷಧಕ್ಕೆ ಹೋಗಿ, ಪುಷ್ಕರನೊಡನೆ ಮತ್ತೆ ಪಗಡೆಯಾಡಿ ರಾಜ್ಯವನ್ನು ಗೆದ್ದನು. ಒಲವು ಮೊದಲು, ರಾಜ್ಯ ಅನಂತರ. ಕಥೆ ಹೇಳಿದವರಿಗೆ ಇದನ್ನು ತಿರುಗಿಸಿ ಹೇಳುವುದು ಸುಲಭವಾಗಿತ್ತು. ಪಗಡೆಯ ರಹಸ್ಯವನ್ನು ಋತುಪರ್ಣನಿಂದ ಕಲಿತವನು ನೇರವಾಗಿ ನಿಷಧಕ್ಕೆ ಹೋಗಿ, ಕಿರೀಟ ಧರಿಸಿ, ಆಮೇಲೆ ಮಾವನ ಮನೆಗೆ ಮೆರವಣಿಗೆಯಲ್ಲಿ ಬರಬಹುದಾಗಿತ್ತು. ಹಾಗೆ ಮಾಡದೆ, ಕೊಳೆಯಾದ ಬಟ್ಟೆಯಲ್ಲಿ, ಕುರೂಪದಲ್ಲಿ, ಕೈಯಲ್ಲಿ ಅಡುಗೆಯ ವಾಸನೆ ಇರುವಾಗಲೇ ಅವನನ್ನು ಅವಳ ಎದುರಿಗೆ ನಿಲ್ಲಿಸಿದ್ದಾರೆ.

ಇನ್ನು ನಮ್ಮ ಸೀಮೆಗೆ ಬರೋಣ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲೂ ‘ಮಲೆಗಳಲ್ಲಿ ಮದುಮಗಳು’ 1967ರಲ್ಲೂ ಪ್ರಕಟವಾದವು. ಹಿಂದಿನ ಮಲೆನಾಡಿನಲ್ಲಿ ಹೆಣ್ಣುಗಂಡಿನ ಸಂಬಂಧವನ್ನು ಗದ್ದೆ, ತೋಟ, ಮನೆತನಗಳು ಹೇಗೆ ಅಳೆಯುತ್ತಿದ್ದವೆಂಬುದಕ್ಕೆ ಇವುಗಳಿಗಿಂತ ದೊಡ್ಡ ದಾಖಲೆ ಬೇಕಾಗಿಲ್ಲ. ಕಾನೂರಿನ ಚಂದ್ರಯ್ಯಗೌಡರ ಸಿರಿ ಅವರಿಗೆ ಸುಬ್ಬಮ್ಮನನ್ನು ಹೆಂಡತಿಯಾಗಿ ತಂದುಕೊಟ್ಟಿತು. ಅವಳ ಮನಸ್ಸನ್ನು ತಂದುಕೊಡಲಿಲ್ಲ. ‘ಮದುಮಗಳು’ ಕಾದಂಬರಿಯಲ್ಲಾದರೋ ಜೀತದಾಳು ಗುತ್ತಿ, ತಾನು ಮೆಚ್ಚಿದ ತಿಮ್ಮಿಯನ್ನು ಬೇರೊಬ್ಬನಿಗೆ ಕೊಡುತ್ತಾರೆಂದು ತಿಳಿದಾಗ, ಮೊದಲು ಸಂಪಾದಿಸಿ ಬರುತ್ತೇನೆಂದು ಎಲ್ಲಿಗೂ ಹೋಗುವುದಿಲ್ಲ. ಇದ್ದದ್ದು ಇದ್ದಂತೆ, ಅವಳನ್ನು ಕರೆದುಕೊಂಡು ಕಾಡುದಾರಿ ಹಿಡಿಯುತ್ತಾನೆ.

ಕಾಲ ಕಳೆದಂತೆ ಅಳತೆಗೋಲು ಬದಲಾಯಿತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಹಳ್ಳಿ ಕಾರ್ಖಾನೆಯ ಊರಾಯಿತು. ಮಳೆಯನ್ನೂ ಬೆಳೆಯನ್ನೂ ನಂಬಿದ್ದ ಜನರಿಗೆ ತಿಂಗಳ ಮೊದಲಲ್ಲಿ ಕೈಗೆ ಬರುವ ಸಂಬಳವೆಂಬ ಹೊಸ ಭರವಸೆ ಕಾಣಿಸಿತು. ನಾನು ಹುಡುಗನಾಗಿದ್ದಾಗ ಹೆಣ್ಣು ಕೊಡುವವರು ಗಂಡಿನ ಕಡೆಯವರನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: ಹುಡುಗನ ಕೆಲಸ ಕಾಯಮ್ಮೋ, ಅಲ್ಲವೋ? ಆ ಪ್ರಶ್ನೆ ಕೇಳಿದ ತಂದೆತಾಯಿಯರನ್ನು ನಾನು ದೂಷಿಸುವುದಿಲ್ಲ. ಮಗಳು ಹಸಿದಿರಬಾರದೆಂಬ ಆಸೆಯೂ ಪ್ರೀತಿಯೇ. ಆದರೆ ಆ ಪ್ರಶ್ನೆಯ ಮುಂದೆ ತಲೆ ತಗ್ಗಿಸಿ ನಿಂತ ಹುಡುಗರ ಮನಸ್ಸಿನಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿತು. ತಂದೆ ಕೇಳಿದ ಪ್ರಶ್ನೆಯನ್ನು ಅವರು ಮಗಳೇ ಕೇಳಿದಳೆಂದು ತಿಳಿದರು.

ಅಂಥ ಹುಡುಗನೊಬ್ಬ ನನ್ನ ಸ್ನೇಹಿತ. ಭದ್ರಾವತಿಯವನು, ತಂದೆಯಿರಲಿಲ್ಲ, ತಾಯಿ ಹಪ್ಪಳ, ಸಂಡಿಗೆ ಮಾರಿ ಓದಿಸಿದರು. ನಾವಿಬ್ಬರೂ 1978ರಲ್ಲಿ ಶಿವಮೊಗ್ಗೆಯ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆವು. ಅವನು ದಿನವೂ ಬೆಳಗಿನ ರೈಲಿನಲ್ಲಿ ಬರುತ್ತಿದ್ದನು. ಅದೇ ರೈಲಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳಿಗೂ ಅವನಿಗೂ ಸ್ನೇಹವಾಗಿ, ಸ್ನೇಹ ಒಲವಾಯಿತು. ಓದು ಮುಗಿದ ಮೇಲೆ ಧೈರ್ಯ ಮಾಡಿ ಅವಳ ತಂದೆಯ ಬಳಿ ಹೋದನು. ಆಗ ಅವನಿಗೆ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಆ ಹಿರಿಯರು ಗದರಲಿಲ್ಲ. ಕೂರಿಸಿ, ಕಾಫಿ ಕೊಡಿಸಿ, ಅದೇ ಪ್ರಶ್ನೆಯನ್ನು ಕೇಳಿದರು.

ಆ ಸಂಜೆ ಅವನು ನೇರವಾಗಿ ನನ್ನ ಕೊಠಡಿಗೆ ಬಂದನು. ಇಬ್ಬರೂ ತುಂಗೆಯ ದಡದಲ್ಲಿ ಕತ್ತಲಾಗುವವರೆಗೆ ಕುಳಿತಿದ್ದೆವು. ಅವಳಿಗೆ ಒಂದು ಕಾಗದ ಬರೆಯಲೇ ಎಂದು ಕೇಳಿದನು. ನಾನು ಹೇಳಿದೆ: “ಈಗ ಏನೂ ಬರೆಯಬೇಡ. ಬರಿಗೈಯಲ್ಲಿ ಬರೆದರೆ ಬೇಡಿದ ಹಾಗಾಗುತ್ತದೆ. ಕೈಗೆ ನಾಲ್ಕು ಕಾಸು ಬರಲಿ; ತಲೆಯೆತ್ತಿಕೊಂಡು ಹೋಗಿ ಕೇಳು.” ಇಪ್ಪತ್ತೆರಡರ ವಯಸ್ಸಿನಲ್ಲಿ ಅದು ನನಗೆ ಬಹಳ ಘನವಾದ ಮಾತಾಗಿ ಕಂಡಿತ್ತು.

ಅವನು ಮುಂಬಯಿಗೆ ಹೋದನು. ಒಂಬತ್ತು ವರ್ಷ ದುಡಿದು, ಸ್ವಂತ ವ್ಯಾಪಾರ ಹೂಡಿ, 1989ರಲ್ಲಿ ಹಿಂದಿರುಗಿ ಶಿವಮೊಗ್ಗೆಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದನು. ಅವಳಿಗೆ ಮದುವೆಯಾಗಿ ಆರು ವರ್ಷವಾಗಿತ್ತೆಂಬುದು ಅವನಿಗೆ ತಿಳಿಯದ ಸಂಗತಿಯಲ್ಲ. ಆದರೂ ಗೃಹಪ್ರವೇಶಕ್ಕೆ ಅವರನ್ನು ಕರೆದನು. ಗಂಡಹೆಂಡಿರು ಮಗುವನ್ನು ಎತ್ತಿಕೊಂಡು ಬಂದರು. ಗಂಡ ಕಾಗದದ ಕಾರ್ಖಾನೆಯ ನೌಕರ, ಸೌಮ್ಯ ಸ್ವಭಾವದವರು. ಊಟ ಮಾಡಿ, ಮನೆ ಬಹಳ ಚೆನ್ನಾಗಿದೆ ಎಂದು ಹೇಳಿ, ಕುಂಕುಮ ತೆಗೆದುಕೊಂಡು ಹೊರಟರು. ನೆಂಟರೆಲ್ಲ ಹೋದ ಮೇಲೆ ಸ್ನೇಹಿತ ನನ್ನೊಡನೆ ಹೇಳಿದ ಮಾತು ಇಷ್ಟೇ: “ಅಡುಗೆಮನೆಗೆ ಬೆಳಗಿನ ಬಿಸಿಲು ಬರಬೇಕು ಅಂತ ಅವಳು ರೈಲಿನಲ್ಲಿ ಒಮ್ಮೆ ಹೇಳಿದ್ದಳು ಕಣಯ್ಯ. ಹಾಗೇ ಕಟ್ಟಿಸಿದ್ದೆ. ಅವಳು ಒಳಗೆ ಹೋಗಿ ನೋಡಲೇ ಇಲ್ಲ.” ಅವನು ಮದುವೆಯಾಗಲಿಲ್ಲ.

2015ರಲ್ಲಿ ಕಾಗದದ ಕಾರ್ಖಾನೆಯಲ್ಲಿ ತಯಾರಿಕೆ ನಿಂತಿತು. ಒಂದು ಕಾಲದಲ್ಲಿ ಕಾಯಂ ಎಂದು ಯಾವುದನ್ನು ಕರೆದಿದ್ದರೋ ಅದೂ ಕಾಯಮ್ಮಾಗಿರಲಿಲ್ಲ. ಅದಾದ ಕೆಲವು ವರ್ಷಗಳಿಗೆ ಒಂದು ಮದುವೆಮನೆಯಲ್ಲಿ ಆಕೆ ನನಗೆ ಸಿಕ್ಕರು. ಮಕ್ಕಳ ವಿಷಯ, ಯಜಮಾನರ ಆರೋಗ್ಯದ ವಿಷಯ ಮಾತನಾಡಿದ ಮೇಲೆ, ತಾವಾಗಿಯೇ ಹೇಳಿದರು: “ನಿಮ್ಮ ಸ್ನೇಹಿತರು ಎಲ್ಲಿದ್ದಾರೆಂದೇ ಆಗ ತಿಳಿಯಲಿಲ್ಲ, ಮೇಷ್ಟ್ರೇ. ಮೂರು ವರ್ಷ ಅಪ್ಪನನ್ನು ತಡೆದೆ. ಒಂದು ಕಾರ್ಡು ಬಂದಿದ್ದರೆ ಇನ್ನೂ ತಡೆಯುತ್ತಿದ್ದೆನೇನೋ. ಈಗ ಅದರ ಮಾತೇಕೆ, ನಾನು ಚೆನ್ನಾಗಿದ್ದೇನೆ.” ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಬರೆಯಬೇಡವೆಂದು ಹೇಳಿದವನು ನಾನೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಕಾವ್ಯ ಪಾಠ ಹೇಳುತ್ತ ಇಡೀ ಆಯುಷ್ಯ ಕಳೆದವನು ನಾನು. ನಳನ ಕಥೆಯಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ನನ್ನ ಗೆಳೆಯನಿಗೆ ಮಾತ್ರ ಅದನ್ನು ತಲೆಕೆಳಗು ಮಾಡಿ ಹೇಳಿಕೊಟ್ಟಿದ್ದೆ.

ಹಣ ಬೇಡ, ಸ್ಥಾನ ಬೇಡ ಎಂದು ಹೇಳುವ ವೈರಾಗ್ಯ ನನ್ನದಲ್ಲ. ಪುರುಷಾರ್ಥಗಳಲ್ಲಿ ನಮ್ಮ ಹಿರಿಯರು ಅರ್ಥಕ್ಕೂ ಕಾಮಕ್ಕೂ ಬೇರೆ ಬೇರೆ ಸ್ಥಾನ ಕೊಟ್ಟಿದ್ದಾರೆ, ಎರಡೂ ಬೇಕು. ಅರ್ಥದಿಂದ ಮನೆಯನ್ನು ನಡೆಸಬಹುದು. ಆದರೆ ಅದನ್ನು ಒಬ್ಬರ ಮನಸ್ಸಿಗೆ ಕಟ್ಟುವ ಬೆಲೆಯೆಂದು ಕೂಡಿಡುತ್ತ ಹೋದಾಗ, ಕೂಡಿಡುವ ವರ್ಷಗಳೆಲ್ಲ ಅವರಿಂದ ದೂರವಾದ ವರ್ಷಗಳಾಗುತ್ತವೆ. ಇಂದು ಇದೇ ಊರುಗಳಿಂದ ಬೆಂಗಳೂರಿಗೂ ಹೊರದೇಶಗಳಿಗೂ ಹೋಗುವ ಮಕ್ಕಳಲ್ಲಿ, ಏನಾದರೂ ಆಗಿ ತೋರಿಸಿ ಆಮೇಲೆ ಮಾತನಾಡುತ್ತೇನೆಂದು ಮೌನವಾಗಿರುವವರು ಇಲ್ಲದಿಲ್ಲ. ಅವರಿಗಾಗಿ ಈ ಮಾತು.

ಈ ಭಾಷಣವನ್ನು ಬರೆಯುವ ಮೊದಲು ನಾನು ಸ್ನೇಹಿತನ ಮನೆಗೆ ಹೋಗಿ, ಆಕೆ ಹೇಳಿದ್ದನ್ನು ತಿಳಿಸಿದೆ. ಬಹಳ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ ಹೇಳಿದನು: “ನೀನು ಬರೆಯಬೇಡ ಅಂದೆ, ನಿಜ. ಬರೆಯದೆ ಇದ್ದವನು ನಾನು. ಒಂಬತ್ತು ವರ್ಷ ದುಡಿಯುವುದಕ್ಕೆ ನನಗೆ ಭಯವಾಗಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಒಂದು ಕಾರ್ಡು ಬರೆಯುವುದಕ್ಕೆ ಭಯವಾಯಿತು.” ಇದನ್ನು ರೇಡಿಯೋದಲ್ಲಿ ಹೇಳಬಹುದೇ ಎಂದು ಕೇಳಿದೆ. ಹೆಸರು ಬೇಡ, ಹೇಳು ಎಂದನು. ಎದ್ದು ಒಳಗೆ ಹೋಗಿ ತಾನೇ ಕಾಫಿ ಮಾಡಿಕೊಂಡು ಬಂದನು. ಅವನ ಅಡುಗೆಮನೆಯಲ್ಲಿ ಆಗ ಬೆಳಗಿನ ಬಿಸಿಲು ತುಂಬಿತ್ತು.



(ಬಾನುಲಿ ಭಾಷಣ)